ಅರಿಸಮಾಸ

ಮೊದಲು ಕೋಳಿಗಳನ್ನು ಓಡಿಸಬೇಕಾಯಿತು.
ಸೀಟಿನ ಕೆಳಗೆ ಎರಡು ಮೊಟ್ಟೆ, ಇನ್ನೂ ಬೆಚ್ಚಗಿದ್ದವು.
ಆಮೇಲೆ ಟಾರ್ಪಾಲು ಸರಿಸಿದರೆ
ತಾತ್ರಾ ಬೆಟ್ಟದ ಬೆಳಕು ಕೊಟ್ಟಿಗೆಯೊಳಕ್ಕೆ ನುಗ್ಗಿ
ಅದರ ಮೂತಿಯ ಮೇಲೆ ಕೂತಿತು.

"ಯಾವ ಕಂಪನಿಯದು?" ಅಂದ ಬಾರ್ತೆಕ್.
ನೊವಿ ತಾರ್ಗ್‌ನಿಂದ ಬಂದ ಮ್ಯೂಸಿಯಮ್ಮಿನ ಹುಡುಗ,
ಕೈಯಲ್ಲಿ ಫಾರಮ್ಮು, ಕಿವಿಯ ಹಿಂದೆ ಪೆನ್ಸಿಲು.
ಲುದ್ವಿನಾ ಅಜ್ಜಿ ಮೊಟ್ಟೆಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು
"ನೋಡು, ಓದಿದವನಲ್ಲವೇ ನೀನು" ಅಂದಳು.

ನೋಡಿದ.
ಎಂಜಿನ್ನು ಆಂದ್ರಿಹುಫ್‌ನದು, ಒಂಟಿ ಸಿಲಿಂಡರು,
ನಿಂತಲ್ಲೇ ನಿಂತು ರೈ ಒಕ್ಕಲೆಂದು ಹುಟ್ಟಿದ್ದು;
ಗಾಲಿ ಮೇಲೆ ಕೂರಿಸಿದಾಗ ಬೆಚ್ಚಿರಬೇಕು.
ಗೇರ್‌ಬಾಕ್ಸು ಒಂದಲ್ಲ, ಎರಡು, ಒಂದರ ಬೆನ್ನಿಗೊಂದು:
ಮೊದಲನೆಯದರ ಜಿಡ್ಡು ಕೆರೆದರೆ ಮೂರು ರಷ್ಯನ್ ಅಕ್ಷರ,
ಎರಡನೆಯದರಲ್ಲಿ ಉಳಿಯ ಏಟು ಮಾತ್ರ,
ಹೆಸರನ್ನು ಬೇಕಂತಲೇ ಅಳಿಸಿದ ಹಾಗೆ.
ಹಿಂದಿನ ಆಕ್ಸಲ್ಲು ಯುದ್ಧಕಾಲದ ಜರ್ಮನ್ ಲಾರಿಯದು.
ಸ್ಟಿಯರಿಂಗ್ ಯಾರೋ ಪಾದ್ರಿಯ ಕಾರಿನದು, ಬಿಳಿಯದು, ಬಿರುಕು ಬಿಟ್ಟದ್ದು.
ಒಂದು ಕಣ್ಣು ಬಸ್ಸಿನದು, ಇನ್ನೊಂದು ಮೋಟಾರ್ ಸೈಕಲ್ಲಿನದು,
ಹಾಗಾಗಿ ಎತ್ತಲೋ ಯೋಚಿಸುವವರಂತೆ ಅದರ ನೋಟ.
ಬಾನೆಟ್ಟಿನ ಒಳಮೈಯಲ್ಲಿ
ಅರ್ಧಕ್ಕೆ ಕತ್ತರಿಸಿದ ಬೋರ್ಡು: "ಕಾರಿ ಹಾಲು ಉತ್ಪಾ".

ಋಷಿಮೂಲ, ನದಿಮೂಲ ಕೇಳಬಾರದಂತೆ.
ಪಾಪ, ಬಾರ್ತೆಕ್‌ಗೆ ಗೊತ್ತಿಲ್ಲ,
ಕೇಳುವುದೇ ಅವನ ಸಂಬಳ.
ಬ್ಲಾಕಿನ ನಂಬರಿನ ಕೊನೆಯಂಕಿ ಮೂರೋ ಎಂಟೋ
ಉಗುರಿನಿಂದ ತಡವಿ ನೋಡುತ್ತಾನೆ,
ಕುರುಡ ಕಾಸು ನೋಡುವ ಹಾಗೆ.

ನಮ್ಮ ವ್ಯಾಕರಣದಲ್ಲಿ ಇದಕ್ಕೊಂದು ಹೆಸರುಂಟು.
ಕುಲ ಬೇರೆಯಾದ ಎರಡು ಪದ ಜೋಡಿಸಿದರೆ
ಅರಿಸಮಾಸ, ಹಗೆಗಳ ಮದುವೆ.
ಕೂಡದು, ಎಂದರು ಹಳಬರು.
ಇಲ್ಲಿ ಕೂಡಿದೆ. ಬೆಸುಗೆಯ ಒಂದೊಂದು ಗಂಟೂ
ಆರಿದ ಮೇಣದಂತೆ ದಪ್ಪ, ಒರಟು, ಭದ್ರ;
ಲೋಪವೂ ಉಂಟು, ಆಗಮವೂ ಉಂಟು,
ಆದೇಶ ಮಾತ್ರ ಯಾರದೂ ಇರಲಿಲ್ಲ.

"ರಷ್ಯನ್ ಡಬ್ಬಿಗೆ ಮೂರು ಕುರಿ ಕೊಟ್ಟ" ಅಂದಳು ಅಜ್ಜಿ,
ಕೇಳದಿದ್ದರೂ.
"ಇನ್ನೊಂದು ಎಲ್ಲಿಂದ ತಂದನೋ ನಾನು ಕೇಳಲಿಲ್ಲ,
ಆಗ ಕೇಳುವ ಕಾಲವಲ್ಲ.
ಎರಡನ್ನೂ ರಿವರ್ಸಿಗೆ ಹಾಕಿದರೆ, ಹುಡುಗಾ,
ಇದು ಮುಂದಕ್ಕೆ ಹೋಗುತ್ತೆ.
ಸಾವಕಾಶ. ಆಲೂಗಡ್ಡೆ ಸಾಲಿಗೆ ಸರಿಯಾಗಿ.
ಯೆಂಜೆಯ್ ಇದನ್ನು ಕಂಡುಕೊಂಡ ದಿನ
ಟೋಪಿ ತೆಗೆದು ಹೊಲದಲ್ಲಿ ಒಬ್ಬನೇ ನಗುತ್ತಾ ನಿಂತಿದ್ದ."

"ಆಕ್ಸಲ್‌ಗೆ?"
"ಅದಕ್ಕೆ ನನ್ನ ಹೊಲಿಗೆ ಮಿಷನ್ನು.
ತವರಿನದು. ಕೇಳದೆ ಕೊಟ್ಟ.
ಎರಡು ಬೇಸಿಗೆ ಮಾತಾಡಲಿಲ್ಲ ನಾನು,
ಅವನ ಹತ್ತಿರವೂ, ಇದರ ಹತ್ತಿರವೂ."

ಬಾರ್ತೆಕ್ ಬಗ್ಗಿದ. ಬರೆಯಲು ಏನಾದರೂ ಬೇಕಿತ್ತಲ್ಲ.
ಎಡಗಡೆ, ಹತ್ತುವವರು ಕಾಲಿಡುವ ಜಾಗದಲ್ಲಿ
ಎರಕದ ಕಬ್ಬಿಣದ ಬಳ್ಳಿ, ಬಳ್ಳಿಯ ನಡುವೆ
ಆರು ಅಕ್ಷರ. ಆರಕ್ಕೆ ಆರೂ ಸ್ಪಷ್ಟ.
ಆ ಇಡೀ ಯಂತ್ರದಲ್ಲಿ
ಸಂಶಯವಿಲ್ಲದೆ ಓದಬಹುದಾದ ಹೆಸರು ಅದೊಂದೇ:
ಸಿಂಗರ್.

"ತಲೆ ಇಟ್ಟುಕೊಂಡು ಕಾಲು ಎಸೆದಿದ್ದನಂತೆ ಆ ಲಾರಿಯವನು.
ಇವನು ಮಂಜಿನಲ್ಲಿ ಹೋಗಿ
ಹೆಗಲ ಮೇಲೆ ಹೊತ್ತು ತಂದ.
ನನ್ನ ಕಾಲಿಗೆ ಅಭ್ಯಾಸವಿದೆ ಅಂತ
ಇಲ್ಲಿ ಕೂರಿಸಿದ. ಬಾಯಲ್ಲಿ ಹೇಳಲಿಲ್ಲ."
ಮೂರನೇ ಬೇಸಿಗೆ ಅವಳು ಹತ್ತಿದಳು.

ಫಾರಮ್ಮಿನಲ್ಲಿ ಇನ್ನೂ ಒಂದು ಕಾಲಮ್ಮಿತ್ತು:
ಮೂಲ ಭಾಗಗಳು, ಶೇಕಡಾ ಎಷ್ಟು.
ಬಾರ್ತೆಕ್ ಪೆನ್ಸಿಲು ಕಚ್ಚಿದ. ಹಾಗೇ ಬಿಟ್ಟ.
ಕಂಪನಿಯ ಎದುರು ಮಾತ್ರ ಬರೆದ,
ಆ ನಾಡಿನಲ್ಲಿ ಇಂಥವಕ್ಕೆಲ್ಲ ಬರೆಯುವಂತೆ:
'ಸಾಮ್'.
ಅವರ ಮಾತಿನಲ್ಲಿ ಅದರ ಅರ್ಥ ತಾನೇ.
ಒಬ್ಬನೇ ಎಂದೂ ಆಗುತ್ತದೆ.

"ಅದು ತಪ್ಪು" ಅಂದಳು ಅಜ್ಜಿ, ಕನ್ನಡಕವಿಲ್ಲದೆ,
ಮೊಟ್ಟೆಗಳನ್ನು ಮತ್ತೆ ಸೀಟಿನಡಿ ಇಡುತ್ತಾ.