ಕಳೆದ ವರ್ಷದಷ್ಟೇ

ಬೊಗೊಟಾದ ನಾಲ್ಕನೆಯ ಮಹಡಿ, ಕಿಟಕಿಯಾಚೆ ಮಂಜು.
ದೇಶದ ಬೆಲ್ಲವನ್ನೆಲ್ಲ ಒಂದು ಸಾಲಿಗಿಳಿಸುವುದು ನನ್ನ ಕೆಲಸ.
ಉತ್ಪಾದನೆ. ಕೂಡು ಆಮದು. ಕಳೆ ರಫ್ತು.
ದಾಸ್ತಾನಿನ ಏರಿಳಿತ ನೋಡಿಕೋ. ಉಳಿದದ್ದು
ದೇಶದೊಳಗಿನ ಪೂರೈಕೆ, ಸಾವಿರ ಟನ್ನುಗಳಲ್ಲಿ.
ಆಮದಿನ ಮನೆಯಲ್ಲಿ ಸೊನ್ನೆ, ನಾನು ಸೇರಿದಾಗಿನಿಂದ ಸೊನ್ನೆ;
ರಫ್ತು ಒಂದು ಚಿಟಿಕೆ,
ಮ್ಯಾಡ್ರಿಡ್ಡಿನಲ್ಲಿ ಮನೆಗೆಲಸಕ್ಕಿರುವ ನಮ್ಮ ಹೆಂಗಸರ ನೆಗಡಿಗೆ.
ಮಿಕ್ಕದ್ದನ್ನೆಲ್ಲ ನಾವೇ ಕುಡಿಯುತ್ತೇವೆ
ಬಿಸಿನೀರಲ್ಲಿ ಕರಗಿಸಿ, ಚೀಸಿನ ತುಂಡು ಮುಳುಗಿಸಿ.

ಬಿಳಿ ಸಕ್ಕರೆಯದು ಬೇರೆ ಸಾಲು. ಕಾರ್ಖಾನೆಯ ಲೆಕ್ಕ
ತಿಂಗಳು ತಿಂಗಳು ತಾನಾಗಿ ಬಂದು ಕೂರುತ್ತದೆ.
ಬೆಲ್ಲದ್ದನ್ನು ಬೆಟ್ಟ ಹತ್ತಿ ಕೇಳಿ ತರಬೇಕು.

ನಮ್ಮ ಕಣಿವೆಗೆ ಕೇಳಲು ಬರುತ್ತಿದ್ದವನು ಲಿಸಾಂದ್ರೊ,
ಮಾರ್ಚಿಗೊಮ್ಮೆ, ಕೆಮ್ಮುವ ಮೋಟಾರುಬೈಕಿನ ಮೇಲೆ.
ಆಲೆಮನೆಯ ಬಾಗಿಲಲ್ಲಿ ಮೊಣಕಾಲ ಮೇಲೆ ನಮೂನೆ ಹರಡಿ
"ಎಷ್ಟು ಹೊರೆ, ದೋನ್ಯಾ ಎರ್ಮಿಂದಾ?"
ಸುಂಕದವನ ಮುಂದೆ ಸುಖದುಃಖವೇಕೆಂದು
ಅಮ್ಮ ಹೊಗೆಗೆ ಕಣ್ಣು ಕಿರಿದು ಮಾಡಿ ಹೇಳುತ್ತಿದ್ದದ್ದು ಒಂದೇ:
"ಕಳೆದ ವರ್ಷದಷ್ಟೇ."
ಬರೆದುಕೊಳ್ಳುತ್ತಿದ್ದ.
ಹೋಗುವಾಗ ಅವನ ಚೀಲಕ್ಕೆ ಎರಡು ಅಚ್ಚು. ಅದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿಲ್ಲದ್ದು ಇನ್ನೂ ಇತ್ತು:
ಗ್ವಾಸಿಮೊ ತೊಗಟೆಯ ಲೋಳೆ ಹೊಯ್ದಾಗ ಮೇಲೆದ್ದ ಮಡ್ಡಿ, ಹೇಸರಗತ್ತೆಯ ಪಾಲು;
ಚಿಕ್ಕಪ್ಪ ಬೆಲಾರ್ಮಿನೊ ಗುಡ್ಡದ ಹಿಂದೆ ಭಟ್ಟಿ ಇಳಿಸಿದ್ದು;
ಅಚ್ಚಿನ ಮೂಲೆಯಿಂದ ನಾನು ಉಗುರಲ್ಲಿ ಕೆರೆದದ್ದು.

ಮತ್ತೆ ಅಪ್ಪನ ಬೆರಳು.
ಅಪ್ಪ ಹದ ನೋಡುವವನು. ಕೊನೆಯ ಕೊಪ್ಪರಿಗೆಯೆದುರು ನಿಂತು
ತೋರುಬೆರಳನ್ನು ತಣ್ಣೀರಿಗೆ ಅದ್ದಿ, ಕುದಿವ ಪಾಕಕ್ಕೆ ಅದ್ದಿ,
ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ನೀರಿಗೆ.
ಬೆರಳ ತುದಿಗೆ ಗಾಜಿನ ಟೋಪಿ. ಹಲ್ಲಿಗೆ ತಾಗಿಸಿ
ಟಿಕ್ ಎಂದರೆ, "ಇಳಿಸಿ!"
ಗುರುತಿನ ಚೀಟಿ ಮಾಡಿಸಲು ಹೋದಾಗ
ಗುಮಾಸ್ತ ಆ ಬೆರಳನ್ನು ಮೂರು ಸಲ ಮಸಿಗೊತ್ತಿ ಸೋತ.
ಗೆರೆಯೊಂದೂ ಇರಲಿಲ್ಲ. ಬೆಲ್ಲ ತಿಂದುಬಿಟ್ಟಿತ್ತು.

ಆಮೇಲೆ ಬಂದೂಕಿನವರು ದಾರಿ ಮುಚ್ಚಿದ ವರ್ಷ.
ಕಣಿವೆಯ ಹನ್ನೊಂದು ಆಲೆಮನೆಗಳಲ್ಲಿ ಒಂದರಲ್ಲೂ ಹೊಗೆಯಿಲ್ಲ.
ಕಡಿಯುವವರಿಲ್ಲದ ಕಬ್ಬು ಹೂಬಿಟ್ಟು ಬೆಳ್ಳಗಾಯಿತು.
ಗಾಣದ ಹಲ್ಲುಗಳ ನಡುವೆ ಜೇಡ ಕಟ್ಟಿತು.
ನಾವು ಈ ಊರಿಗೆ ಬಂದು ಬಿದ್ದೆವು. ಅಪ್ಪ
ತೆಂಕಣ ಬಡಾವಣೆಯಲ್ಲಿ ಬೆಣ್ಣೆಹಣ್ಣಿನ ಗಾಡಿ ತಳ್ಳಿದ.
ಹಣ್ಣು ಅಮುಕಿ ನೋಡುವವರ ಬೆರಳುಗಳನ್ನು
ಅವನು ನೋಡುತ್ತಿದ್ದ ರೀತಿ ನನಗೆ ನೆನಪಿದೆ.

ಮೊನ್ನೆ ಹಳೆಯ ಕಡತದಲ್ಲಿ ಆ ವರ್ಷ ಸಿಕ್ಕಿತು.
ಜಿಲ್ಲೆಯ ಹಾಳೆ, ಲಿಸಾಂದ್ರೊನ ಎಡಕ್ಕೆ ವಾಲುವ ಅಕ್ಷರ,
ನಮ್ಮ ಕಣಿವೆಯೆದುರು ಒಂದು ಸಂಖ್ಯೆ, ತಲೆಯ ಮೇಲೆ ನಕ್ಷತ್ರ.
ಕೆಳಗೆ ಸಣ್ಣದಾಗಿ: ಸ್ಥಳಕ್ಕೆ ಹೋಗಲಾಗಲಿಲ್ಲ, ಕಳೆದ ವರ್ಷದಷ್ಟೇ.
ಅಂದರೆ ಆ ವರ್ಷವೂ ನಮ್ಮ ಒಲೆ ಉರಿದಿದೆ.
ಅಪ್ಪನ ಬೆರಳು ಪಾಕದಲ್ಲಿ ಮುಳುಗಿ ಎದ್ದಿದೆ,
ಯಾರೂ ಕಾಯಿಸದ ಬೆಲ್ಲವನ್ನು ದೇಶ ಚಪ್ಪರಿಸಿ ಕುಡಿದಿದೆ.

ತಿದ್ದುವ ಅಧಿಕಾರ ನನಗಿದೆ. ಹಿಂದಿನ ಹತ್ತಾರು ವರ್ಷಗಳನ್ನು
ನಾವು ಆಗಾಗ ತಿದ್ದುತ್ತೇವೆ.
ಅಮ್ಮನಿಗೆ ಫೋನು ಮಾಡಿದೆ: ಆ ವರ್ಷ ನಿಜಕ್ಕೂ ಎಷ್ಟು?
"ಇಪ್ಪತ್ತನಾಲ್ಕು ಅಚ್ಚು," ಅಂದಳು ತಡವರಿಸದೆ.
"ಕಬ್ಬಿನ ರವದಿ ಸುತ್ತಿ, ನಿನ್ನ ತಮ್ಮನ ತೊಟ್ಟಿಲಡಿಯಿಟ್ಟು ತಂದೆ.
ಇಪ್ಪತ್ತಮೂರು ಕುಡಿದೆವು."
ಇನ್ನೊಂದು?
ಫೋನಿನೊಳಗೆ ಬೀದಿಯ ಬಸ್ಸು ಹೋಯಿತು.
"ಅವನ ಜೇಬಿನಲ್ಲಿಟ್ಟು ಕಳಿಸಿದೆ. ಮಣ್ಣಿನ ಇರುವೆಗಳಿಗೂ ಬೇಕಲ್ಲ."

ಇಪ್ಪತ್ತನಾಲ್ಕು ಅಚ್ಚು, ಹನ್ನೆರಡು ಕಿಲೋ.
ಸಾವಿರ ಟನ್ನುಗಳ ಮನೆಯಲ್ಲಿ ಅದು ಕಾಣುವುದಿಲ್ಲ.
ನಕ್ಷತ್ರದ ಪಕ್ಕ ಕರ್ಸರು ಮಿನುಗುತ್ತ ಕಾದಿದೆ.

"ಈಗ ಹೇಗಿದೆ ನಿನ್ನ ಲೆಕ್ಕ?" ಅಮ್ಮ ಕೇಳುತ್ತಾಳೆ.
ಇಳಿಯುತ್ತಿದೆ, ಅಮ್ಮ. ಮಕ್ಕಳು ಬಾಟಲಿಯದನ್ನು ಕುಡಿಯುತ್ತಾರೆ.
"ಯಾರಾದರೂ ಕೇಳಿದರೆ," ಎನ್ನುತ್ತಾಳೆ, ಹೊಗೆಯಿಲ್ಲದ ಅಡುಗೆಮನೆಯಲ್ಲಿ
ಕಣ್ಣು ಕಿರಿದು ಮಾಡಿರಬೇಕು,
"ಕಳೆದ ವರ್ಷದಷ್ಟೇ ಅಂತ ಬರಿ."