ದಂಡದ ಡಬ್ಬಿ

ಶುಕ್ರವಾರ ಬೆಳಿಗ್ಗೆ ಐದೂಕಾಲಕ್ಕೆ
ಇದಿನಬ್ಬನ ಪಿಕಪ್ ಕೆಳಗೆ ಬಂದು ನಿಲ್ಲುತ್ತದೆ.
ಹಾರ್ನ್ ಇಲ್ಲ, ಎರಡು ಸಲ ದೀಪ ಮಿಟುಕಿಸುತ್ತಾನೆ.
ಮಲಗಿದವರ ಶಾಪ ಬೇಡ ಮಾರಾಯ,
ಅವರಿಗೂ ವಾರಕ್ಕೊಂದೇ ನಿದ್ದೆ.

ಹಿಂದಿನ ಸೀಟಿನಲ್ಲಿ ಫ್ಲೋಸಿ ಮಿನೇಜಸ್,
ರಾತ್ರಿ ಪಾಳಿ ಮುಗಿಸಿ ನೇರ ಬಂದವಳು,
ಮೈಯಲ್ಲಿ ಸ್ಪಿರಿಟ್ಟಿನ ವಾಸನೆ, ಮಡಿಲಲ್ಲಿ ಚಹಾದ ಫ್ಲಾಸ್ಕು.
ಪಕ್ಕದಲ್ಲಿ ಕೊಟ್ಟಾರಿ, ಅವನ ಪಕ್ಕ ಅವನ ಲೆನ್ಸು.
ಇನ್ನೂ ಹನ್ನೆರಡು ಕಂತು ಬಾಕಿ ಇರುವ ಅದಕ್ಕೆ
ಮರೆಯದೆ ಸೀಟ್ ಬೆಲ್ಟ್ ಕಟ್ಟುತ್ತಾನೆ,
ತನಗೆ ಮರೆಯುತ್ತಾನೆ.

ನಾನು ಲಿಫ್ಟ್ ರಿಪೇರಿಯವ.
ಆರು ದಿನ ಬಾವಿಯಂಥ ಗೋಡೆಗಳ ನಡುವೆ,
ಮೇಲೆ ನೋಡಿದರೆ ಹಗ್ಗ, ಕೆಳಗೆ ನೋಡಿದರೆ ಸ್ಪ್ರಿಂಗು.
ಸಕ್ಕರೆ ಏರಿದೆ, ನಡೆಯಿರಿ, ಎಂದರು ಡಾಕ್ಟರು.
ಎಲ್ಲಿಗೆ ಅಂತ ಹೇಳಲಿಲ್ಲ.
ಅದನ್ನು ಹೇಳಿದವನು ಇದಿನಬ್ಬ.

ಅನ್ಸಬ್‌ನ ಕೊಳಗಳು. ಮಸ್ಕತ್ತಿನ ಬಚ್ಚಲುಗಳ ನೀರು
ತೊಳೆದು, ಸೋಸಿ, ಕೊನೆಗೆ ಬಂದು ಕೂರುವ ಜಾಗ.
ಮೊನ್ನೆ ನಾನು ಮುಖ ತೊಳೆದ ನೀರಲ್ಲೇ ಇರಬೇಕು,
ರಾಜಹಂಸವೊಂದು ಒಂಟಿಕಾಲಲ್ಲಿ ನಿಂತಿದೆ,
ಸುಮ್ಮನೆ ನೋಡು, ಮಾತು ಬೇಡ, ಎನ್ನುವ ಹಾಗೆ.
ಹಿಂದೆ ಬೋಳು ಬೆಟ್ಟ, ಸೀದ ರೊಟ್ಟಿಯ ಬಣ್ಣ.

ನಮ್ಮಲ್ಲೊಂದು ಕಾನೂನಿದೆ, ಫ್ಲೋಸಿ ಮಾಡಿದ್ದು.
"ನಾವೂ ಈ ಹಕ್ಕಿಗಳ ಹಾಗೇ ಅಲ್ವಾ" ಎಂದು
ಯಾರಾದರೂ ನಿಟ್ಟುಸಿರು ಬಿಟ್ಟರೆ
ನೂರು ಬೈಸ ದಂಡ, ಹಾಲಿನ ಪುಡಿಯ ಡಬ್ಬಿಗೆ.
ಹಕ್ಕಿಯ ಪಾಸ್‌ಪೋರ್ಟು ಯಾವ ಕಂಪೆನಿಯ ಕಪಾಟಿನಲ್ಲಿದೆ?
ಅದು ಚಳಿಗೆ ಬರುತ್ತದೆ, ಸೆಕೆಗೆ ಹೋಗುತ್ತದೆ.
ನಾವು ಚಳಿಗೂ ಇಲ್ಲೇ, ಸೆಕೆಗೂ ಇಲ್ಲೇ.
ಹೋಲಿಸಲೇಬೇಕಾದರೆ ಆ ಪಂಪ್‌ಹೌಸಿಗೆ ಹೋಲಿಸಿ.

ಮೊದಲ ಚಳಿಗಾಲ ಡಬ್ಬಿ ತುಂಬಿತು. ಹೆಚ್ಚಿನದು ಕೊಟ್ಟಾರಿಯದು.
ಆ ದುಡ್ಡಲ್ಲಿ ಹಳೇ ದುರ್ಬೀನೊಂದು ಬಂತು.
ಆಮೇಲೆ ಕಲಿತೆವು,
ಹಕ್ಕಿಯನ್ನು ಬರೇ ಹಕ್ಕಿ ಅಂತ ನೋಡಲು.

ಇದಿನಬ್ಬನಿಗೆ ದುರ್ಬೀನು ಬೇಡ, ಪುಸ್ತಕದ ಹೆಸರೂ ಬೇಡ.
ಉಳ್ಳಾಲದ ಅಳಿವೆಯಲ್ಲಿ ಮರುವಾಯಿ ಹೆಕ್ಕುತ್ತಿದ್ದಾಗ
ನಡಿಗೆ ನೋಡಿ ತಾನೇ ಇಟ್ಟ ಹೆಸರುಗಳು:
ಸಾಲ ಕೇಳಲು ಬಂದವ. ಮದುಮಗಳ ಚಿಕ್ಕಪ್ಪ.
ಚಪ್ಪಲಿ ಕಳೆದುಕೊಂಡವ.
ನಾನು ಕುಂಡೆಕುಸ್ಕ ಅಂದದ್ದಕ್ಕೆ
ಫ್ಲೋಸಿ ನಕ್ಕು ಚಹಾ ಚೆಲ್ಲಿದಳು.
ಅದು ಬಾಲ ಕುಣಿಸುತ್ತ ಹತ್ತಿರವೇ ಬಂದು
ಬಿಸ್ಕತ್ತಿನ ಪುಡಿ ಹೆಕ್ಕಿಕೊಂಡು ಹೋಯಿತು.

ಮೆಟ್ಟುಗಾಲು ಹಕ್ಕಿಗೆ ಕೊಟ್ಟಾರಿ ಮೊಣಕಾಲೂರಿದ,
ಉಸಿರು ಹಿಡಿದ, ಕಟಕಟಕಟ.
ನಲವತ್ತರಲ್ಲಿ ಮೂವತ್ತೊಂಬತ್ತು ಮಸುಕು.
ಉಳಿದೊಂದರಲ್ಲಿ ಹಕ್ಕಿ ಆಗಲೇ ಹೊರಟುಹೋಗಿದೆ,
ನೀರು ಮಾತ್ರ, ಅದು ಕಾಲೆತ್ತಿದ ಕಡೆ
ಉಂಗುರದಾಚೆ ಉಂಗುರ.
ಅಳಿಸಬೇಡ, ಅಂದೆ. ಅವನು ಅಳಿಸಲಿಲ್ಲ.

ಎಂಟಕ್ಕೆ ಬಿಸಿಲು ಬೆನ್ನಿಗೆ ಬಿತ್ತು.
ಮೂರು ಸುತ್ತು, ಆರು ಸಾವಿರದ ಚಿಲ್ಲರೆ ಹೆಜ್ಜೆ.
ಪಿಕಪ್ಪಿಗೊರಗಿ ಶೂವಿನ ಮರಳು ಸುರಿಯುವಾಗ
ಇದಿನಬ್ಬ ಕೀಲಿಕೈ ಕೊಟ್ಟಾರಿಯ ಕೈಗಿಟ್ಟ.
ಬರುವ ವಾರದಿಂದ ನೀನೇ ಓಡಿಸು.
ಕ್ಲಚ್ಚು ಸ್ವಲ್ಪ ಬಿಗಿ, ಗದರಬೇಡ ಅದಕ್ಕೆ.
ನನ್ನದು ಕ್ಯಾನ್ಸಲ್ ಆಯ್ತು. ಮಂಗಳವಾರದ ವಿಮಾನ.

ಇಪ್ಪತ್ತೊಂಬತ್ತು ವರ್ಷ ಒಂದೇ ಟಯರಿನಂಗಡಿ.
ನಾವು ಯಾರೂ ಏನೂ ಅನ್ನಲಿಲ್ಲ.
ಕೊಳದಿಂದ ಒಂದು ಹಿಂಡು ಎದ್ದು
ನಮ್ಮ ತಲೆಯ ಮೇಲೆ ಸುತ್ತು ಹೊಡೆದು
ಮತ್ತೆ ಅಲ್ಲೇ ಇಳಿಯಿತು.

ಫ್ಲೋಸಿ, ಕಾನೂನು ಮಾಡಿದವಳೇ,
ಪರ್ಸ್ ತೆರೆದಳು, ನೂರು ಬೈಸದ ನೋಟು ಹುಡುಕಿದಳು,
ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿದಳು.

ಇದಿನಬ್ಬ ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ.
ನೋಟು ಹಾಕಿದ್ದೀಯಲ್ಲ, ಅಂದ,
ಸದ್ದೇ ಇಲ್ಲ.