ಇಪ್ಪತ್ತಾರು ಘನ ಅಂಗುಲ

ಏಳನೇ ನಂಬರಿನ ಶಾಲೆಯ ಬಸ್ಸು
ಹನ್ನೊಂದು ವರ್ಷದಿಂದ ಕ್ವಾಮೆಯವರ ಹೊಲದಂಚಿನಲ್ಲಿ,
ಗಾಳಿ ತಡೆಯುವ ಮರಗಳ ಸಾಲಿನಲ್ಲಿ ನಿಂತಿತ್ತು.
ಸೀಟುಗಳ ಮೇಲೆ ಕೋಳಿಗಳು ಕಾವು ಕೂತಿದ್ದವು.
ಒಂದು ಪೀಪಾಯಿ ಜೇನು ಕೊಟ್ಟು
ಎಂಜಿನ್ನೊಂದನ್ನೇ ಬಿಚ್ಚಿ ತಂದೆವು.
ಕೋಳಿಗಳು ಕತ್ತೆತ್ತಿಯೂ ನೋಡಲಿಲ್ಲ.

ನಮ್ಮ ಟ್ರಕ್ಕು ಐವತ್ತನಾಲ್ಕರ ಶೆವ್ರೊಲೆ.
ಬಣ್ಣ ಹಸಿರು ಎಂದು ಕಾಗದದಲ್ಲಿದೆ.
ಅರವತ್ತು ಜೇನುಪೆಟ್ಟಿಗೆ ಹೇರಿಕೊಂಡು
ಶೇಯೆನ್ ಹೊಳೆಯ ದಿಬ್ಬ ಹತ್ತುವಾಗ
ಅಕ್ಕ ಥೋರಾ ಇಳಿದು ಪಕ್ಕದಲ್ಲಿ ನಡೆಯುತ್ತಿದ್ದಳು.
ಭಾರ ಇಳಿಯಲಿ ಎಂದಲ್ಲ,
ಕೂತಿರಲು ನಾಚಿಕೆಯಾಗಿ.

"ಹೊರಗಿಂದ ಎರಡೂ ಅಣ್ಣತಮ್ಮ," ಅಂದ ಡೆಲ್ಮರ್ ಲುಂಡೆ,
"ಅದೇ ಬೋಲ್ಟು, ಅದೇ ಹಾಸು.
ದೊಡ್ಡದಾಗಿರುವುದು ಒಳಗೆ."
ಲೆಕ್ಕ ಹಾಕಿದೆ: ಇಪ್ಪತ್ತಾರು ಘನ ಅಂಗುಲ.
ಎರಡು ಲೋಟ ಕಾಫಿ ಹಿಡಿಯುವಷ್ಟು ಖಾಲಿ.
ಅಷ್ಟು ಖಾಲಿಗಾಗಿ
ನಮ್ಮದೊಂದು ಇಡೀ ಚಳಿಗಾಲ ಹೋಯಿತು.

ಸವೆದ ಸಿಲಿಂಡರನ್ನು ಸರಿಮಾಡುವುದೆಂದರೆ
ಇನ್ನೂ ಒಂದಿಷ್ಟು ಸವೆಸುವುದು.
ಡೆಲ್ಮರನ ಅಂಗಡಿಯಲ್ಲಿ ದಿನವಿಡೀ ಅದೇ ಕೆರೆತ.
ಬೂದುಬಣ್ಣದ ಪುಡಿ ಅವನ ಹುಬ್ಬಿನ ಮೇಲೆ,
ಬ್ರೆಡ್ಡಿನ ಮೇಲೆ.
ಬಸ್ಸಿನ ಹೆಡ್ಡು ಬಿರುಕು ಬಿಟ್ಟಿತ್ತು;
ನಮ್ಮ ಹಳೆಯದನ್ನೇ ಕೂರಿಸಬೇಕು,
ಅದರಲ್ಲೋ ಆವಿ ಹೋಗುವ ತೂತುಗಳಿಲ್ಲ.
ದರ್ಜಿ ಅಳತೆಯಂಗಿ ಹರಡುವಂತೆ
ಗ್ಯಾಸ್ಕೆಟ್ಟನ್ನು ಮೇಲೆ ಹರಡಿ
ಒಂದೊಂದಾಗಿ ಕೊರೆದ.
"ಬಿಸಿಗೆ ದಾರಿ ಬಿಡದಿದ್ದರೆ ಕಬ್ಬಿಣವೂ ಸೀಳುತ್ತೆ."
"ಗೊತ್ತು," ಅಂದಳು ಥೋರಾ,
"ನಾವು ಅಪ್ಪನ ಮನೆಯಲ್ಲಿ ಬೆಳೆದವರು."
ಆಮೇಲೆ ಸ್ವಲ್ಪ ಹೊತ್ತು
ಡ್ರಿಲ್ಲು ಮಾತ್ರ ಮಾತಾಡಿತು.

ಮಾರ್ಚಿನಲ್ಲಿ, ಕಣಜದ ತೊಲೆಗೆ ಸರಪಳಿ ಕಟ್ಟಿ
ಆರುನೂರು ಪೌಂಡನ್ನು ತೂಗಿಬಿಟ್ಟು
ಬೆರಳ ತುದಿಯಲ್ಲಿ ತಿರುಗಿಸಿದೆ.
ಅಷ್ಟು ಭಾರದ್ದು ಅಷ್ಟು ಹಗುರಾಗಿ ತಿರುಗಿದ್ದು
ನನಗೇಕೋ ಹಿಡಿಸಲಿಲ್ಲ.

ಒಂದು, ಐದು, ಮೂರು,
ಆರು, ಎರಡು, ನಾಲ್ಕು:
ಕಿಡಿ ಹಾರಬೇಕಾದ ಸರದಿ.
ಮಗ್ಗಿಯಂತೆ ಬಾಯಿಪಾಠ ಮಾಡಿಯೂ
ಎರಡು ವೈರು ಅದಲುಬದಲಾಗಿ
ಕಾರ್ಬುರೇಟರು ಒಮ್ಮೆ ಸೀನಿತು.
ನನ್ನ ಎಡಗಡೆಯ ಹುಬ್ಬು ಹೋಯಿತು.
ಎರಡನೇ ಸಲಕ್ಕೆ ಹತ್ತಿಕೊಂಡಿತು,
ಗಂಟಲು ಸರಿಪಡಿಸಿಕೊಂಡು
ಹಳೆಯ ಮಾತು ಮುಂದುವರಿಸುವವರ ಹಾಗೆ.

ಆ ದನಿ ನನಗೆ ಗೊತ್ತು.
ಆರು ವರ್ಷ ಪ್ರತಿ ಬೆಳಿಗ್ಗೆ
ಕತ್ತಲಲ್ಲಿ, ಹಿಮದಲ್ಲಿ
ಅಂಗಳದಾಚೆ ನಿಂತು ಅದು ನನ್ನನ್ನು ಕಾದಿತ್ತು.
ಒದ್ದೆ ಉಣ್ಣೆಯ ವಾಸನೆ, ಕೈಗವಸು ಕಳಕೊಂಡ ಅಳು,
ಸ್ಟೀರಿಂಗಿನ ಹಿಂದೆ ಅಲ್ವೀನಾ ಬ್ರೆಕ್ಕೆಯ ಅಗಲ ಬೆನ್ನು.
ರೈಲುಹಳಿ ಬಂದರೆ ನಿಲ್ಲಿಸಿ, ಬಾಗಿಲು ತೆರೆದು
"ಶ್" ಅನ್ನುತ್ತಿದ್ದಳು.
ಮೂವತ್ತೆರಡು ಮಕ್ಕಳು ಉಸಿರು ಹಿಡಿದು
ಬಾರದ ರೈಲನ್ನು ಆಲಿಸುತ್ತಿದ್ದೆವು.

ಮೇ ತಿಂಗಳು, ಮೊದಲ ಹೇರು, ರಾತ್ರಿ.
ದಿಬ್ಬವನ್ನು ಮೂರನೇ ಗೇರಿನಲ್ಲಿ ಹತ್ತಿತು.
ಥೋರಾ ಇಳಿಯಲಿಲ್ಲ. ಹೊಗಳಲೂ ಇಲ್ಲ.
ಥರ್ಮಾಸು ತೆರೆದು ಮೊದಲ ಲೋಟ ನನಗೇ ಕೊಟ್ಟಳು.

ಮೇಲೆ, ಹಳಿಯಿದ್ದ ಜಾಗದಲ್ಲಿ
ಕಾಲು ತಾನಾಗಿ ಬ್ರೇಕಿಗೆ ಹೋಯಿತು.
ಹಳಿ ಕಿತ್ತು ಆರು ವರ್ಷವಾಗಿದೆ;
ಜಲ್ಲಿ, ಮುಳ್ಳುಗಿಡ, ಅಷ್ಟೆ.
ನನ್ನ ಬಾಗಿಲು ತೆರೆದೆ.
ಆ ಕಡೆ ಅವಳದೂ ತೆರೆದಿತ್ತು.
ಎಂಜಿನ್ನು ತಗ್ಗಿದ ದನಿಯಲ್ಲಿ,
ಹಿಂದೆ ಬಲೆಯ ಕೆಳಗೆ
ಅರವತ್ತು ಪೆಟ್ಟಿಗೆಗಳ ಗುಂಯ್.
ನಾವಿಬ್ಬರೂ ಎಡಕ್ಕೆ ನೋಡಿದೆವು, ಬಲಕ್ಕೆ ನೋಡಿದೆವು.
"ಹೂಂ, ನಡೆ," ಅಂದಳು.

ಬೆಳಿಗ್ಗೆ ನೋಡಿದರೆ
ಹಿಂದಿನ ಸೀಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ.
ಡೆಲ್ಮರನಿಗೆ ಫೋನು ಮಾಡಬೇಕು.
ಸದ್ಯಕ್ಕೆ ಕೆಳಗೊಂದು ತಗಡಿನ ತಟ್ಟೆ ಇಟ್ಟಿದ್ದೇನೆ,
ಥೋರಾಗೆ ಅದು ಯಾವ ತಟ್ಟೆ ಎಂದು ಹೇಳಿಲ್ಲ.